ಮತದಾರರ ಪಟ್ಟಿ: ಪಾಲಮಲೆಯವರು ಯಾವ ಕಾಗದ ತೋರಿಸಬೇಕು?

ಮೆಟ್ಟೂರು: ಪಾಲಮಲೆ ಸೇಲಂ ಜಿಲ್ಲೆಯ ಕೊಳತ್ತೂರು ಯೂನಿಯನ್ನಿಗೆ ಸೇರಿದ ಬೆಟ್ಟದ ಪಂಚಾಯತಿ. ವಿಧಾನಸಭೆಗೆ ಮೆಟ್ಟೂರು ಕ್ಷೇತ್ರ, ಲೋಕಸಭೆಗೆ ಧರ್ಮಪುರಿ ಕ್ಷೇತ್ರ. ಬೆಟ್ಟದ ಮೇಲೆ ಸಿದ್ಧೇಶ್ವರನ ಗುಡಿ, ಕೆಳಗೆ ಮೆಟ್ಟೂರು ಅಣೆಯ ಹಿನ್ನೀರು. ಒಂದು ಕಡೆ ಬರಗೂರು ಬೆಟ್ಟದ ಕಾಡು, ಇನ್ನೊಂದು ಕಡೆ ಪಾಲಾರು ದಾಟಿದರೆ ಕರ್ನಾಟಕ. ಸುತ್ತಲಿನ ಊರುಗಳಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತಮಿಳು ಆಡುವ ಕುಟುಂಬಗಳು ಎಷ್ಟೋ ಇವೆ.

ಈ ಸೀಮೆಯ ಜನರನ್ನು ಇದುವರೆಗೆ ಯಾರೂ ಪರದೇಶದವರು ಎಂದು ಹೇಳಿಲ್ಲ. ದೇಶದ ಗಡಿ ಇಲ್ಲಿಂದ ನೂರಾರು ಮೈಲಿ ದೂರ. ಇಲ್ಲಿರುವುದು ಎರಡು ರಾಜ್ಯಗಳ ಗಡಿ ಮಾತ್ರ. ಹಾಗಿದ್ದರೂ ಮತದಾರರ ಪಟ್ಟಿಯಲ್ಲಿ ಹೆಸರು ಉಳಿಯಬೇಕಾದರೆ ನೀವು ಈ ದೇಶದವರೇ ಎಂಬುದಕ್ಕೆ ಆಧಾರ ಏನು ಎಂಬ ಪ್ರಶ್ನೆ ಇವರ ಬಾಗಿಲಿಗೂ ಬಂತು. ಈ ಪ್ರಶ್ನೆಗೆ ಪೌರತ್ವ ಇಲ್ಲದವನಿಗಿಂತ ಕಾಗದ ಇಲ್ಲದವನೇ ಮೊದಲು ಸಿಕ್ಕಿಬೀಳುತ್ತಾನೆ ಎಂಬುದು ಗಡಿ ಭಾಗದವರು ಗಮನಿಸಬೇಕಾದ ಸಂಗತಿ.

ಆಗಿದ್ದೇನು?

ಚುನಾವಣಾ ಆಯೋಗ 2025ರ ಜೂನ್ 24ರಂದು ಬಿಹಾರದಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಗೆ ಆದೇಶ ಹೊರಡಿಸಿತು. ಎಸ್‌ಐಆರ್ ಎಂದು ಜನರ ಬಾಯಲ್ಲಿ ನಿಂತಿರುವುದು ಇದೇ. ಎರಡನೇ ಹಂತವಾಗಿ ಅಕ್ಟೋಬರ್ 27ರಂದು ತಮಿಳುನಾಡು, ಕೇರಳ, ಪುದುಚೇರಿ ಸೇರಿ 12 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಹೆಸರು ಪ್ರಕಟವಾಯಿತು. ಆ ಹನ್ನೆರಡರಲ್ಲಿ ಕರ್ನಾಟಕ ಇರಲಿಲ್ಲ.

ನವೆಂಬರ್ 4ರಿಂದ ಬಿಎಲ್‌ಒಗಳು ಮನೆಮನೆಗೆ ಗಣತಿ ಫಾರಂ ಹಂಚಿದರು. ಗಡುವನ್ನು ಎರಡು ಸಲ ಮುಂದೂಡಿದ ಮೇಲೆ ಡಿಸೆಂಬರ್ 19ರಂದು ತಮಿಳುನಾಡಿನ ಕರಡು ಪಟ್ಟಿ ಹೊರಬಂತು. ಅದುವರೆಗೆ 6.41 ಕೋಟಿ ಇದ್ದ ಮತದಾರರ ಸಂಖ್ಯೆ 5.43 ಕೋಟಿಗೆ ಇಳಿದಿತ್ತು. ಅಂದರೆ ಸುಮಾರು 97 ಲಕ್ಷ ಹೆಸರುಗಳು ಕರಡಿನಲ್ಲಿ ಇರಲಿಲ್ಲ. ಇದರಲ್ಲಿ ತೀರಿಕೊಂಡವರು ಸುಮಾರು 27 ಲಕ್ಷ. ವಿಳಾಸದಲ್ಲಿ ಸಿಗದವರು ಮತ್ತು ಊರು ಬಿಟ್ಟವರು ಎಂದು ಗುರುತಿಸಿದ್ದು ಸುಮಾರು 66 ಲಕ್ಷ. ಉಳಿದವು ಎರಡು ಕಡೆ ಇದ್ದ ಹೆಸರುಗಳು.

ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಸತ್ತವರ ಹೆಸರು ಪಟ್ಟಿಯಲ್ಲಿ ಉಳಿಯಬಾರದು ಎಂಬುದರಲ್ಲಿ ತಕರಾರಿಲ್ಲ. ಎರಡು ಕಡೆ ಹೆಸರಿದ್ದರೆ ಒಂದು ಕಡೆ ತೆಗೆಯುವುದು ನ್ಯಾಯವೇ. ಇಪ್ಪತ್ತು ವರ್ಷಗಳಿಂದ ಇಂಥ ಪೂರ್ಣ ಪರಿಷ್ಕರಣೆ ನಡೆದಿರಲಿಲ್ಲ, ಜನ ಹಳ್ಳಿಯಿಂದ ಪಟ್ಟಣಕ್ಕೆ ಹೋಗಿದ್ದಾರೆ, ಪಟ್ಟಿ ಹಳಸಿದೆ ಎಂಬ ಆಯೋಗದ ಮಾತಿನಲ್ಲಿ ತಥ್ಯವಿದೆ. ಪ್ರಶ್ನೆ ಇರುವುದು ಆ 66 ಲಕ್ಷದ ಬಗ್ಗೆ. ಕೂಲಿಗೆಂದು ನಾಲ್ಕು ತಿಂಗಳು ಹೊರಗೆ ಹೋದವನು ಊರು ಬಿಟ್ಟವನೇ? ಕಾನೂನಿನ ಪ್ರಕಾರ ಅಲ್ಲ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಸೆಕ್ಷನ್ ತಾತ್ಕಾಲಿಕವಾಗಿ ಊರಲ್ಲಿಲ್ಲದ ಮಾತ್ರಕ್ಕೆ ಒಬ್ಬನ ವಾಸಸ್ಥಳ ತಪ್ಪುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಬಿಎಲ್‌ಒ ಮೂರು ಸಲ ಬಂದಾಗಲೂ ಮನೆಗೆ ಬೀಗ ಇದ್ದರೆ ಕಾನೂನಿನ ಈ ಮಾತನ್ನು ಅವರಿಗೆ ಹೇಳುವವರು ಯಾರು?

ಕಾನೂನು ಏನನ್ನುತ್ತದೆ?

ಸಂವಿಧಾನದ 326ನೇ ವಿಧಿಯಂತೆ 18 ತುಂಬಿದ ಭಾರತದ ಪ್ರಜೆಗೆ ಮತದಾನದ ಹಕ್ಕಿದೆ. 1950ರ ಕಾಯ್ದೆಯ 16ನೇ ಸೆಕ್ಷನ್ ಪ್ರಜೆಯಲ್ಲದವನ ಹೆಸರು ಪಟ್ಟಿಯಲ್ಲಿ ಇರಕೂಡದು ಎನ್ನುತ್ತದೆ. ಇಲ್ಲಿಯವರೆಗೆ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಪ್ರಜೆ ಹೌದೋ ಅಲ್ಲವೋ ಎಂದು ಸಾಬೀತು ಮಾಡುವ ಹೊರೆ ಯಾರದು ಎಂಬಲ್ಲಿ ಜಗಳ.

1995ರಲ್ಲಿ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಒಂದು ದಾರಿ ತೋರಿಸಿತ್ತು. ಒಬ್ಬರ ಹೆಸರು ಈಗಾಗಲೇ ಪಟ್ಟಿಯಲ್ಲಿದೆ ಎಂದರೆ, ಅಂದಿನ ಅಧಿಕಾರಿಗಳು ವಿಚಾರಿಸಿಯೇ ಸೇರಿಸಿದ್ದಾರೆ ಎಂದು ಮೊದಲು ಒಪ್ಪಬೇಕು. ತೆಗೆಯುವ ಮುನ್ನ ನೋಟಿಸ್ ಕೊಡಬೇಕು, ಅವರು ಕೊಡುವ ಎಲ್ಲ ಬಗೆಯ ಪುರಾವೆ ನೋಡಬೇಕು ಎಂಬುದು ಆ ತೀರ್ಪಿನ ತಿರುಳು.

ಎಸ್‌ಐಆರ್ ಇದನ್ನು ಬೇರೆ ಬಗೆಯಲ್ಲಿ ಹಿಡಿಯಿತು. ಪಟ್ಟಿಯಲ್ಲಿದ್ದವರೂ ಹೊಸದಾಗಿ ಫಾರಂ ತುಂಬಬೇಕು. ತಮಿಳುನಾಡಿನಲ್ಲಿ 2002 ಅಥವಾ 2005ರ ತೀವ್ರ ಪರಿಷ್ಕರಣೆಯ ಪಟ್ಟಿಯಲ್ಲಿ ತನ್ನ ಹೆಸರೋ ತಂದೆತಾಯಿಯಂಥ ಹತ್ತಿರದವರ ಹೆಸರೋ ಇದ್ದರೆ ಬೇರೆ ದಾಖಲೆ ಬೇಡ. ಇಲ್ಲವಾದರೆ ನೋಟಿಸ್ ಬರುತ್ತದೆ, ದಾಖಲೆ ತೋರಿಸಬೇಕು.

ಆಗ ಹುಟ್ಟಿದ ದಿನಾಂಕಕ್ಕೆ ತಕ್ಕಂತೆ ಲೆಕ್ಕ ಬದಲಾಗುತ್ತದೆ. 1987ರ ಜುಲೈ 1ಕ್ಕಿಂತ ಮುಂಚೆ ಹುಟ್ಟಿದವರಿಗೆ ತಮ್ಮ ದಾಖಲೆ ಸಾಕು. ಆ ದಿನದಿಂದ 2004ರ ಡಿಸೆಂಬರ್ 2ರವರೆಗೆ ಹುಟ್ಟಿದವರು ತಮ್ಮದರ ಜೊತೆ ತಂದೆ ಅಥವಾ ತಾಯಿಯ ದಾಖಲೆಯನ್ನೂ ಕೊಡಬೇಕು. ಅದರ ನಂತರ ಹುಟ್ಟಿದವರಿಗೆ ತಂದೆ, ತಾಯಿ ಇಬ್ಬರದೂ ಬೇಕು. 1955ರ ಪೌರತ್ವ ಕಾಯ್ದೆಗೆ 1986 ಮತ್ತು 2003ರಲ್ಲಿ ಆದ ತಿದ್ದುಪಡಿಗಳಿಂದ ಬಂದ ಗೆರೆಗಳು ಇವು.

ಆಯೋಗ ಮೊದಲು ಒಪ್ಪಿದ್ದು 11 ದಾಖಲೆಗಳನ್ನು. ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಮೆಟ್ರಿಕ್ ಸರ್ಟಿಫಿಕೇಟ್, ಜಾತಿ ಪ್ರಮಾಣಪತ್ರ, ಅರಣ್ಯ ಹಕ್ಕುಪತ್ರ, ಸರಕಾರ ಕೊಟ್ಟ ಜಾಗ ಅಥವಾ ಮನೆಯ ಮಂಜೂರಾತಿ ಪತ್ರ ಮುಂತಾದವು ಅದರಲ್ಲಿದ್ದವು. ಹಳ್ಳಿಯವರ ಬಳಿ ನಿಜವಾಗಿ ಇರುವ ರೇಷನ್ ಕಾರ್ಡ್ ಇರಲಿಲ್ಲ. ಆಯೋಗ ತಾನೇ ಕೊಟ್ಟ ಮತದಾರರ ಗುರುತಿನ ಚೀಟಿಯೂ ಇರಲಿಲ್ಲ. 2025ರ ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೆ ಆಧಾರ್ ಹನ್ನೆರಡನೆಯದಾಗಿ ಸೇರಿತು. ಅದೂ ಗುರುತಿಗೆ ಮಾತ್ರ, ಪೌರತ್ವಕ್ಕೆ ಅಲ್ಲ ಎಂಬ ಷರತ್ತಿನೊಂದಿಗೆ.

2002 ಎಂಬ ವರ್ಷ

ಚೆನ್ನೈಯಲ್ಲಿ ಕುಳಿತವರಿಗೆ 2002 ಒಂದು ಹಳೆಯ ಪಟ್ಟಿಯ ವರ್ಷ ಮಾತ್ರ. ಪಾಲಮಲೆ, ಬರಗೂರು, ಮಹದೇಶ್ವರ ಬೆಟ್ಟ, ಪೆನ್ನಾಗರದ ಕಾಡಂಚಿನವರಿಗೆ ಅದು ಬೇರೆ ನೆನಪು. ವೀರಪ್ಪನ್ ಆಗ ಕಾಡಿನಲ್ಲೇ ಇದ್ದ. 2000ದ ಜುಲೈನಲ್ಲಿ ರಾಜ್‌ಕುಮಾರ್ ಅಪಹರಣ ಆಗಿತ್ತು. 2002ರ ಆಗಸ್ಟ್‌ನಲ್ಲಿ ಕರ್ನಾಟಕದ ಮಾಜಿ ಸಚಿವ ಎಚ್. ನಾಗಪ್ಪ ಅವರ ಅಪಹರಣ, ಡಿಸೆಂಬರ್‌ನಲ್ಲಿ ಅವರ ಸಾವು. ಎರಡೂ ರಾಜ್ಯಗಳ ಕಾರ್ಯಪಡೆಗಳು ಕಾಡು ಜಾಲಾಡುತ್ತಿದ್ದವು. ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಬಳಿ ವೀರಪ್ಪನ್ ಹತನಾದದ್ದು 2004ರ ಅಕ್ಟೋಬರ್ 18ರಂದು.

ಕಾರ್ಯಪಡೆಗಳ ಮೇಲಿನ ದೌರ್ಜನ್ಯದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಸಮಿತಿಯನ್ನು ನೇಮಿಸಿತ್ತು. 2007ರಲ್ಲಿ 89 ಮಂದಿಗೆ ಪರಿಹಾರ ಕೊಡಬೇಕೆಂದು ತೀರ್ಮಾನವೂ ಆಯಿತು. ಅತ್ತ ವೀರಪ್ಪನ್ ಭಯ, ಇತ್ತ ಪೊಲೀಸರ ಭಯ ಎಂದು ಮನೆ ಬಿಟ್ಟು ಹೋದ ಕುಟುಂಬಗಳು ಆ ಕಾಲದಲ್ಲಿ ಕಡಿಮೆ ಇರಲಿಲ್ಲ. ಸರಕಾರದವರು ಬಂದು ಹೆಸರು ಕೇಳಿದರೆ ಬಾಯಿ ಬಿಡಲು ಹೆದರುತ್ತಿದ್ದ ದಿನಗಳವು. ಅಂಥ ಕಾಲದ ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಇಂದು ನೋಟಿಸ್ ಕೊಡುವಾಗ ಅಂದು ಹೆಸರು ಬಿಟ್ಟುಹೋದದ್ದು ಏಕೆ ಎಂಬುದನ್ನೂ ಅಧಿಕಾರಿ ವಿಚಾರಿಸಬೇಡವೇ?

ಒಂದೇ ಹೆಸರು, ಎರಡು ಲಿಪಿ

ಗಡಿ ಭಾಗಕ್ಕೇ ಮೀಸಲಾದ ಇನ್ನೊಂದು ತೊಡಕು ಮದುವೆಯಾಗಿ ಬಂದ ಹೆಣ್ಣುಮಕ್ಕಳದು. ಕೊಳತ್ತೂರು, ಪೆನ್ನಾಗರ, ಬರಗೂರು ಕಡೆಯ ಕನ್ನಡ ಮನೆಗಳಿಗೆ ಹನೂರು, ಕೊಳ್ಳೇಗಾಲ ಸೀಮೆಯಿಂದ ಸೊಸೆಯರು ಬರುವುದು, ಇಲ್ಲಿಂದ ಅಲ್ಲಿಗೆ ಹೆಣ್ಣು ಕೊಡುವುದು ಹಿಂದಿನಿಂದ ನಡೆದು ಬಂದದ್ದು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ನಡುವೆ ರಾಜ್ಯದ ಗೆರೆ ಬಿದ್ದರೂ ನೆಂಟಸ್ತಿಕೆ ನಿಲ್ಲಲಿಲ್ಲ.

ಹಾಗೆ ಬಂದ ಸೊಸೆಯ ತಂದೆತಾಯಿಯ ಹೆಸರು ಹುಡುಕಬೇಕಾದದ್ದು ಕರ್ನಾಟಕದ ಹಳೆಯ ಪಟ್ಟಿಯಲ್ಲಿ. ಬೇರೆ ರಾಜ್ಯದ ಪಟ್ಟಿಯಾದರೂ ಆಗುತ್ತದೆ ಎಂದು ಆಯೋಗ ಹೇಳಿದ್ದು ಒಳ್ಳೆಯದೇ. ಆದರೆ ಆ ಪಟ್ಟಿ ಕನ್ನಡದಲ್ಲಿ, ಈ ಫಾರಂ ತಮಿಳಿನಲ್ಲಿ. ಅದನ್ನು ಓದಿ ಇದಕ್ಕೆ ಹೊಂದಿಸಬೇಕಾದ ಬಿಎಲ್‌ಒಗೆ ಕನ್ನಡ ಓದಲು ಬರಬೇಕೆಂಬ ನಿಯಮವಿಲ್ಲ.

ಲಿಪಿಯ ಗೋಜಲು ಇಲ್ಲಿಗೇ ನಿಲ್ಲುವುದಿಲ್ಲ. ಕ ಮತ್ತು ಗ, ಪ ಮತ್ತು ಬ, ತ ಮತ್ತು ದ ಈ ಜೋಡಿಗಳಿಗೆ ತಮಿಳಿನಲ್ಲಿ ಒಂದೊಂದೇ ಅಕ್ಷರ ಎಂಬುದು ಎರಡೂ ಭಾಷೆ ಬಲ್ಲ ಓದುಗರಿಗೆ ಗೊತ್ತೇ ಇದೆ. ಬಸಮ್ಮ ತಮಿಳಿನಲ್ಲಿ ಬರೆದು ಅಲ್ಲಿಂದ ಇಂಗ್ಲಿಷಿಗೆ ಇಳಿದಾಗ ಪಸಮ್ಮ ಆಗಬಹುದು. ಮಾದಪ್ಪ ಮಾತಪ್ಪನ್ ಆಗಬಹುದು, ಮಹದೇವ ಮಾತೇವನ್ ಆಗಬಹುದು. ಊರಲ್ಲಿ ಇದು ನಗೆಯ ವಿಷಯ. ಕಂಪ್ಯೂಟರಿನಲ್ಲಿ ಹೆಸರಿಗೆ ಹೆಸರು ತಾಳೆ ಹಾಕುವಾಗ ನಗುವ ವಿಷಯ ಅಲ್ಲ. ತಮಿಳುನಾಡಿನಲ್ಲಿ ಮದುವೆಗೆ ಮುಂಚೆ ತಂದೆಯ ಇನಿಷಿಯಲ್, ಆಮೇಲೆ ಗಂಡನ ಇನಿಷಿಯಲ್. ಕರ್ನಾಟಕದಲ್ಲಿ ಕೆಲವರಿಗೆ ಊರಿನ ಹೆಸರೂ ಸೇರುತ್ತದೆ. ಒಬ್ಬಳೇ ಹೆಂಗಸು ಮೂರು ಕಾಗದಗಳಲ್ಲಿ ಮೂರು ಜನರಂತೆ ಕಾಣುತ್ತಾಳೆ.

ಹೆಣ್ಣುಮಕ್ಕಳ ಹೆಸರಿಗೆ ಸಂಬಂಧಿಸಿದ ಈ ಕಷ್ಟ ಹೊಸದೇನಲ್ಲ. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ತಯಾರಿಸುವಾಗ ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದಿದ್ದರು. ಅಸ್ಸಾಮಿನಲ್ಲಿ ಪೌರತ್ವ ನೋಂದಣಿ ನಡೆದಾಗಲೂ ಚಿಕ್ಕ ವಯಸ್ಸಿನಲ್ಲಿ ಮದುವೆಯಾಗಿ ಬೇರೆ ಊರು ಸೇರಿದ ಲಕ್ಷಾಂತರ ಮಹಿಳೆಯರಿಗೆ ತವರಿನ ಕೊಂಡಿ ತೋರಿಸಲು ಇದ್ದದ್ದು ಪಂಚಾಯತಿ ಕಾರ್ಯದರ್ಶಿ ಕೊಟ್ಟ ಚೀಟಿ ಮಾತ್ರ. ಗುವಾಹಟಿ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ವಿಚಾರಣೆ ಮಾಡಿ ಒಪ್ಪಬಹುದು ಎಂದು 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಆ ತೀರ್ಪಿನ ನ್ಯಾಯ ಗಡಿಯ ಸೊಸೆಯರಿಗೂ ಸಲ್ಲಬೇಕಾದದ್ದು.

ಬೆಟ್ಟದ ಈ ಮಗ್ಗುಲು, ಆ ಮಗ್ಗುಲು

ದಾಖಲೆಗಳ ಪಟ್ಟಿಯಲ್ಲಿ ಬೆಟ್ಟದವರಿಗೆ ಅನುಕೂಲವಾಗಿ ಕಾಣುವವು ಎರಡು. ಒಂದು ಪರಿಶಿಷ್ಟ ಪಂಗಡದ ಪ್ರಮಾಣಪತ್ರ, ಇನ್ನೊಂದು ಅರಣ್ಯ ಹಕ್ಕುಪತ್ರ. ಇವೆರಡೂ ಕೈಗೆ ಸಿಗುವ ದಾರಿ ನೋಡಿದರೆ ಅನುಕೂಲ ಎಷ್ಟೆಂದು ತಿಳಿಯುತ್ತದೆ.

ಈ ಬೆಟ್ಟಗಳಲ್ಲಿ ಮಲಯಾಳಿ ಎಂಬ ಬುಡಕಟ್ಟಿನವರಿದ್ದಾರೆ. ಹೆಸರು ಕೇಳಿ ಕೇರಳದವರೆಂದು ತಿಳಿಯಬಾರದು, ಮಲೆಯಲ್ಲಿ ಬಾಳುವವರು ಎಂಬ ಅರ್ಥದ ಹೆಸರು ಅದು. ತಮಿಳುನಾಡಿನ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಈ ಸಮುದಾಯದ ಹೆಸರಿನ ಮುಂದೆ ಧರ್ಮಪುರಿ, ಸೇಲಂ, ಉತ್ತರ ಆರ್ಕಾಟು, ದಕ್ಷಿಣ ಆರ್ಕಾಟು, ತಿರುಚಿರಾಪಳ್ಳಿ, ಪುದುಕೋಟೆ ಎಂಬ ಜಿಲ್ಲೆಗಳನ್ನು ಮಾತ್ರ ಬರೆದಿದೆ. ಕೊಯಮತ್ತೂರಿನ ಹೆಸರಿಲ್ಲ. 1979ರಲ್ಲಿ ಕೊಯಮತ್ತೂರಿನಿಂದ ಬೇರ್ಪಟ್ಟ ಈರೋಡಿನ ಹೆಸರೂ ಇಲ್ಲ. ಹಾಗಾಗಿ ಸೇಲಂ ಮಗ್ಗುಲಿನ ಮಲಯಾಳಿಗೆ ಪ್ರಮಾಣಪತ್ರ ಸಿಗುತ್ತದೆ. ಬರಗೂರು ಮಗ್ಗುಲಿನಲ್ಲಿರುವ ಅವನ ಭಾವನಿಗೆ ಸಿಗುವುದಿಲ್ಲ. ಇದನ್ನು ಸರಿಪಡಿಸಿ ಎಂಬ ಬೇಡಿಕೆ ದಶಕಗಳಷ್ಟು ಹಳೆಯದು. ಮೀಸಲಾತಿಯ ಪ್ರಶ್ನೆಯಾಗಿದ್ದ ಇದೇ ಈಗ ಓಟಿನ ಪ್ರಶ್ನೆಯೂ ಆಗಿದೆ.

ಸೇಲಂ ಮಗ್ಗುಲಿನಲ್ಲೂ ಪ್ರಮಾಣಪತ್ರ ಸಲೀಸಾಗಿ ಸಿಗುತ್ತದೆ ಎನ್ನುವಂತಿಲ್ಲ. ಪರಿಶಿಷ್ಟ ಪಂಗಡದ ಪ್ರಮಾಣಪತ್ರಕ್ಕೆ ವಿಎಒ, ತಹಶೀಲ್ದಾರರ ಹಂತ ದಾಟಿ ಕಂದಾಯ ವಿಭಾಗಾಧಿಕಾರಿಯವರೆಗೆ ಹೋಗಬೇಕು. ಧರ್ಮಪುರಿ, ಕೃಷ್ಣಗಿರಿ ಕಡೆಯ ಕನ್ನಡ ಮಾತಾಡುವ ಕುರುಬರಲ್ಲಿ ಕುರುಮನ್ ಎಂಬ ಪ್ರಮಾಣಪತ್ರ ಕೇಳಿ ವರ್ಷಗಟ್ಟಲೆ ಕಾದವರು ಬಹಳ.

ಅರಣ್ಯ ಹಕ್ಕುಪತ್ರದ ಕತೆ ಇದಕ್ಕಿಂತ ಸಪ್ಪೆ. ಕಾಯ್ದೆ ಬಂದದ್ದು 2006ರಲ್ಲಿ. ತಮಿಳುನಾಡಿನಲ್ಲಿ 2008ರಲ್ಲಿ ಮದರಾಸು ಹೈಕೋರ್ಟಿನ ಆದೇಶದಿಂದ ಹಕ್ಕುಪತ್ರ ಕೊಡುವ ಕೆಲಸಕ್ಕೆ ತಡೆ ಬಿತ್ತು. ಅದು ತೆರವಾದದ್ದು 2016ರಲ್ಲಿ. ಎಂಟು ವರ್ಷ ಸರಕಾರವೇ ಕೊಡಲಾಗದೆ ಇದ್ದ ಕಾಗದವನ್ನು ಇಂದು ತೋರಿಸು ಎಂದರೆ ಬೆಟ್ಟದವನು ಎಲ್ಲಿಂದ ತರಬೇಕು? ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಂಥ ಕಡೆಗೇ ಹೇಳಿದ್ದು.

ಇನ್ನು ಜನನ ಪ್ರಮಾಣಪತ್ರ. ಜನನ ಮರಣ ನೋಂದಣಿ ಕಾಯ್ದೆ 1969ರದು. ಆದರೆ 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಜನನ ನೋಂದಣಿ ಆಗಿದ್ದವರು ನೂರಕ್ಕೆ 41 ಮಂದಿ ಮಾತ್ರ. ಅಂದಿನ ಆ ಮಕ್ಕಳೇ ಇಂದಿನ ಹೊಸ ಮತದಾರರು. ತಮಿಳುನಾಡಿನ ಸ್ಥಿತಿ ದೇಶದ ಸರಾಸರಿಗಿಂತ ಬಹಳ ಮೇಲಿತ್ತು, ನಿಜ. ಆದರೆ ಆಸ್ಪತ್ರೆ ದೂರವಾಗಿ ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಬೆಟ್ಟದ ಹಳ್ಳಿಗಳ ಲೆಕ್ಕ ರಾಜ್ಯದ ಸರಾಸರಿಯಲ್ಲಿ ಕಾಣುವುದಿಲ್ಲ.

ಬೇರೆ ಕಡೆ ಏನಾಯಿತು?

ಪೌರತ್ವದ ಕಾಗದ ತೋರಿಸಿದರೆ ಮಾತ್ರ ಮತದಾರರ ಪಟ್ಟಿಗೆ ಸೇರಿಸುವ ನಿಯಮವನ್ನು ಅಮೆರಿಕದ ಕ್ಯಾನ್ಸಾಸ್ ರಾಜ್ಯ 2013ರಲ್ಲಿ ಜಾರಿಗೆ ತಂದಿತು. ಮೂರು ವರ್ಷಗಳಲ್ಲಿ ಸುಮಾರು 31 ಸಾವಿರ ಮಂದಿಯ ಅರ್ಜಿ ಕಾಗದ ಇಲ್ಲವೆಂಬ ಕಾರಣಕ್ಕೆ ನಿಂತುಹೋಯಿತು. ಅವರಲ್ಲಿ ಬಹುತೇಕ ಎಲ್ಲರೂ ಆ ದೇಶದ ಪ್ರಜೆಗಳೇ. ಮೊಕದ್ದಮೆಯಲ್ಲಿ ಲೆಕ್ಕ ಹಾಕಿದಾಗ, 1999ರ ನಂತರದ ವರ್ಷಗಳಲ್ಲಿ ಪಟ್ಟಿಗೆ ಸೇರಿಕೊಂಡಿದ್ದ ಪ್ರಜೆಗಳಲ್ಲದವರು ಹೆಚ್ಚೆಂದರೆ 39 ಮಂದಿ ಎಂದು ಕಂಡುಬಂತು. 2018ರಲ್ಲಿ ನ್ಯಾಯಾಲಯ ಆ ನಿಯಮವನ್ನು ಹೊಡೆದುಹಾಕಿತು, 2020ರಲ್ಲಿ ಮೇಲ್ಮನವಿಯಲ್ಲೂ ಅದೇ ನಿಂತಿತು.

ನಮ್ಮಲ್ಲಿ ಬಿಹಾರದ ಲೆಕ್ಕವೂ ಇದೆ. ಅಲ್ಲಿ 7.89 ಕೋಟಿ ಇದ್ದ ಮತದಾರರು 2025ರ ಸೆಪ್ಟೆಂಬರ್ 30ರ ಅಂತಿಮ ಪಟ್ಟಿಯಲ್ಲಿ 7.42 ಕೋಟಿ ಆದರು. ಕರಡಿನಲ್ಲಿ ಬಿಟ್ಟುಹೋದ 65 ಲಕ್ಷ ಹೆಸರುಗಳನ್ನು ಕಾರಣ ಸಹಿತ ಪ್ರಕಟಿಸಲು ಸುಪ್ರೀಂ ಕೋರ್ಟೇ ಆಗಸ್ಟ್ 14ರಂದು ಹೇಳಬೇಕಾಯಿತು. ಇಷ್ಟರಲ್ಲಿ ವಿದೇಶಿಯರೆಂಬ ಕಾರಣಕ್ಕೆ ಹೋದ ಹೆಸರುಗಳೆಷ್ಟು ಎಂಬ ಲೆಕ್ಕವನ್ನು ಆಯೋಗ ಅಂತಿಮ ಪಟ್ಟಿಯ ಜೊತೆ ಕೊಡಲಿಲ್ಲ. ರೋಗ ಎಷ್ಟಿದೆ ಎಂದು ಹೇಳದೆ ಮದ್ದು ಮಾತ್ರ ಎಲ್ಲರಿಗೂ ಕುಡಿಸಿದಂತಾಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ಇತಿಹಾಸದಲ್ಲೇ ಇದೆ. ದೇಶ ವಿಭಜನೆಯಾಗಿ ನಿರಾಶ್ರಿತರು ಲಕ್ಷಗಟ್ಟಲೆ ಬರುತ್ತಿದ್ದ 1948ರಲ್ಲಿ ಮೊದಲ ಮತದಾರರ ಪಟ್ಟಿಯ ಕೆಲಸ ಶುರುವಾಯಿತು. ಇಲ್ಲೇ ನೆಲೆಸುತ್ತೇನೆ ಎಂದು ಬರೆದುಕೊಟ್ಟ ಹೇಳಿಕೆಯ ಮೇಲೆಯೇ ನಿರಾಶ್ರಿತರ ಹೆಸರನ್ನು ಸೇರಿಸಲಾಯಿತು. ಅನುಮಾನಕ್ಕೆ ಕಾರಣ ಹೆಚ್ಚಾಗಿದ್ದ ಕಾಲದಲ್ಲಿ ಜನರ ಮಾತನ್ನು ನಂಬಿದ ದೇಶವಿದು.

ಮುಂದೇನು?

ಪಟ್ಟಿ ಒಮ್ಮೆ ಅಂತಿಮವಾದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ಹೆಸರು ಬಿಟ್ಟುಹೋದವರು ಫಾರಂ 6ರಲ್ಲಿ ಅರ್ಜಿ ಕೊಡಬಹುದು. ಹೆಸರು, ವಿಳಾಸ ತಪ್ಪಾಗಿದ್ದರೆ ಫಾರಂ 8. ಹದಿನೆಂಟು ತುಂಬುವ ಮಕ್ಕಳಿಗೆ ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ: ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ ತಿಂಗಳ ಮೊದಲ ದಿನ. ನೋಂದಣಿ ಅಧಿಕಾರಿಯ ಆದೇಶ ಸರಿಯಿಲ್ಲ ಎನಿಸಿದರೆ 1950ರ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಮೊದಲು ಜಿಲ್ಲಾಧಿಕಾರಿಗೆ, ಆಮೇಲೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಹೋಗಬಹುದು. ಮೊದಲನೆಯದಕ್ಕೆ 15 ದಿನ, ಎರಡನೆಯದಕ್ಕೆ 30 ದಿನ ಗಡುವು. ಆದೇಶದ ಪ್ರತಿಯನ್ನು ಕೇಳಿ ಪಡೆಯದಿದ್ದರೆ ಈ ದಾರಿ ಇದ್ದೂ ಇಲ್ಲದಂತೆ.

ಮನೆಯವರು ಮಾಡಬಹುದಾದ ಕೆಲಸವೂ ಇದೆ. 2002ರ ಪಟ್ಟಿಯಲ್ಲಿ ತಂದೆತಾಯಿಯ ಹೆಸರಿರುವ ಪುಟದ ಪ್ರತಿ ತೆಗೆದಿಡುವುದು ಒಂದು. ಸೊಸೆಯರು ತವರಿನ ಪಟ್ಟಿಯ ಪ್ರತಿ ತರಿಸಿಕೊಳ್ಳುವುದು ಇನ್ನೊಂದು. 1987ರ ಜುಲೈ 1ಕ್ಕೆ ಮುಂಚಿನ ಅಂಚೆ ಕಚೇರಿ, ಬ್ಯಾಂಕು, ಎಲ್‌ಐಸಿ ಕಾಗದಗಳನ್ನೂ ಆಯೋಗ ಒಪ್ಪುತ್ತದೆ ಎಂಬುದು ಹಲವರಿಗೆ ತಿಳಿದಿಲ್ಲ. ಅಜ್ಜನ ಕಾಲದ ಪಾಸ್‌ಬುಕ್ಕನ್ನು ರದ್ದಿಗೆ ಹಾಕುವ ಮುನ್ನ ಇದು ನೆನಪಿರಲಿ.

ಆದರೆ ಎಲ್ಲವನ್ನೂ ಜನರ ತಲೆಗೇ ಕಟ್ಟಿದರೆ ನ್ಯಾಯವಾಗದು. ಗಡಿ ತಾಲೂಕುಗಳಲ್ಲಿ ಕನ್ನಡ ಓದಬಲ್ಲ ಸಿಬ್ಬಂದಿಯನ್ನು ಹೆಸರು ತಾಳೆ ನೋಡುವ ಕೆಲಸಕ್ಕೆ ಹಾಕುವುದು ಕಷ್ಟವೇನಲ್ಲ. ವಿಚಾರಣೆಗೆ ಮೆಟ್ಟೂರಿಗೆ ಬಾ ಎಂದು ಬೆಟ್ಟದವನ ಒಂದು ದಿನದ ಕೂಲಿ ಕಳೆಯುವ ಬದಲು ಅಧಿಕಾರಿಯೇ ಪಂಚಾಯತಿ ಕಟ್ಟಡದಲ್ಲಿ ಕುಳಿತು ಕೇಳಬಹುದು. ಕಾಗದ ಇಲ್ಲದ ಕಡೆ ಗ್ರಾಮಸಭೆಯಲ್ಲಿ ಓದಿ ಹೇಳಿ, ಆಕ್ಷೇಪ ಬಾರದಿದ್ದರೆ ಒಪ್ಪಬಹುದು. ಊರಿನಲ್ಲಿ ಯಾರು ಯಾರ ಮಗ ಎಂಬುದು ಊರಿಗೇ ಗೊತ್ತಿರುವಾಗ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಯಾವುದು?

ಧರ್ಮಪುರಿ ಜಿಲ್ಲೆಯ ಕೋಟೂರು ಮಲೆಗೆ ದಾರಿಯಿಲ್ಲದ ಕಾರಣ ಚುನಾವಣೆ ಬಂದಾಗ ಮತಯಂತ್ರಗಳನ್ನು ಕತ್ತೆಗಳ ಮೇಲೆ ಹೇರಿ ಕಳಿಸಿದ್ದನ್ನು ಪತ್ರಿಕೆಗಳು ಚಿತ್ರ ಸಹಿತ ಪ್ರಕಟಿಸಿವೆ. ಒಬ್ಬ ಮತದಾರನೂ ಬಿಟ್ಟುಹೋಗಬಾರದು ಎಂಬ ಹಟ ಅದರಲ್ಲಿತ್ತು, ಮೆಚ್ಚಬೇಕಾದ ಹಟ. ಯಂತ್ರ ಸಾಗಿಸುವಾಗ ತೋರುವ ಆ ಹಟವನ್ನು ಪಟ್ಟಿ ತಯಾರಿಸುವಾಗಲೂ ತೋರಿಸಿದರೆ ಪಾಲಮಲೆಯವರು ಬೇರೇನೂ ಕೇಳುವುದಿಲ್ಲ.